ಗ್ರೀಕ್ ದ್ವೀಪಗಳಲ್ಲಿ ಹೋಟೆಲ್: ಸ್ಟಾರ್ ಎಣಿಸುವ ಮೊದಲು ನಕ್ಷೆ ನೋಡಿ

ಸ್ಯಾಂಟೊರಿನಿಗೋ ಕ್ರೀಟ್‌ಗೋ ಹೋಟೆಲ್ ಹುಡುಕಲು ಕೂತವರು ಮೊದಲು ಫೋಟೊ ನೋಡುತ್ತಾರೆ, ಆಮೇಲೆ ಸ್ಟಾರ್, ಕೊನೆಗೆ ಬೆಲೆ. ಗ್ರೀಕ್ ದ್ವೀಪಗಳ ಮಟ್ಟಿಗೆ ಈ ಕ್ರಮ ಕೈಕೊಡುತ್ತದೆ. ಹೋಟೆಲು ಗುಡ್ಡದ ಯಾವ ಮಗ್ಗುಲಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ರಸ್ತೆಯಿಂದ ಎಷ್ಟು ಮೆಟ್ಟಿಲು ಇಳಿಯಬೇಕು ಎನ್ನುವುದನ್ನು ಮೊದಲು ನೋಡಿ. ರಜೆ ಸುಖವಾಗುವುದೂ ಕೆಡುವುದೂ ಬಹುಪಾಲು ಅದರಿಂದಲೇ. ಸ್ಟಾರ್ ಎಂದರೆ ಸೌಲಭ್ಯಗಳ ಲೆಕ್ಕ: ಕೋಣೆಯ ಅಳತೆ, ಲಿಫ್ಟ್, ಈಜುಕೊಳ, ರಿಸೆಪ್ಷನ್ ತೆರೆದಿರುವ ಹೊತ್ತು ಇಂಥವು. ನೋಟ, ನಿಶ್ಶಬ್ದ, ಮನೆಯವರ ಉಪಚಾರ ಅದರಲ್ಲಿ ಬರುವುದಿಲ್ಲ. ಬಾಡಿಗೆ ಕೋಣೆ, ಅಪಾರ್ಟ್‌ಮೆಂಟುಗಳಿಗೆ ಅಲ್ಲಿ ಸ್ಟಾರ್ ಬದಲು ಕೀಲಿಕೈ ಗುರುತು, ಒಂದರಿಂದ ನಾಲ್ಕರವರೆಗೆ. ಒಂದೇ ಕುಟುಂಬ ನಡೆಸುವ ಎರಡು ಕೀಲಿಕೈಯ ಅಪಾರ್ಟ್‌ಮೆಂಟು ಸಾಧಾರಣ ಮೂರು ಸ್ಟಾರ್ ಹೋಟೆಲಿಗಿಂತ ಎಷ್ಟೋ ಸಲ ಚೊಕ್ಕಟವಾಗಿರುತ್ತದೆ.

ಯಾವ ತಿಂಗಳು

ದ್ವೀಪಗಳ ಬಹುತೇಕ ಹೋಟೆಲುಗಳು ಏಪ್ರಿಲ್ ಹೊತ್ತಿಗೆ ಬಾಗಿಲು ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುತ್ತವೆ. ಜುಲೈ, ಆಗಸ್ಟ್‌ನಲ್ಲಿ ಬೆಲೆ ತುತ್ತತುದಿಯಲ್ಲಿರುತ್ತದೆ. ಅದೇ ಹೊತ್ತಿಗೆ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಗಾಳಿ ದಿನಗಟ್ಟಲೆ ಬೀಸುತ್ತದೆ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಆಗ ಕಾಫಿ ಲೋಟ ಇಡುವುದೂ ಕಷ್ಟ. ಕ್ರೀಟ್‌ನ ಉತ್ತರ ತೀರದಲ್ಲಿ ಅಲೆ ಎದ್ದು ಈಜಲು ಬಿಡದ ದಿನಗಳೂ ಬರುತ್ತವೆ.

ಮೇ ಮಧ್ಯದಿಂದ ಜೂನ್ ಮುಗಿಯುವವರೆಗೆ, ಮತ್ತೆ ಸೆಪ್ಟೆಂಬರ್ ತಿಂಗಳು, ಇವೆರಡೇ ನಮ್ಮ ಆಯ್ಕೆ. ಮಕ್ಕಳ ಶಾಲೆಯ ರಜೆಗಾಗಿ ಮೇ ತಿಂಗಳಲ್ಲೇ ಹೋಗಬೇಕಾದವರು ಒಂದು ವಿಷಯ ತಿಳಿದಿರಲಿ: ಆಗ ಅಲ್ಲಿನ ಸಮುದ್ರ 20 ಡಿಗ್ರಿಯ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆಯ ನೀರು ಕಂಡವರಿಗೆ ಅದು ಕೊರೆಯುತ್ತದೆ. ಬೇಸಿಗೆಯಿಡೀ ಕಾದ ಸಮುದ್ರ ಸೆಪ್ಟೆಂಬರಿನಲ್ಲಿ ಹಿತವಾಗಿರುತ್ತದೆ. ಮೇನಲ್ಲಿ ಖಾಸಗಿ ಪೂಲ್ ಇರುವ ರೂಮಿಗೆ ಹೆಚ್ಚು ಹಣ ಕೊಡುವ ಮುಂಚೆ ನೀರನ್ನು ಬಿಸಿ ಮಾಡುತ್ತಾರೆಯೇ, ಎಷ್ಟು ಡಿಗ್ರಿಗೆ ಎಂದು ಬರವಣಿಗೆಯಲ್ಲಿ ಕೇಳಿ. ಬಿಸಿ ಮಾಡದ ಪೂಲಿಗೆ ಆ ತಿಂಗಳಲ್ಲಿ ಕಾಲಿಡಲಾಗುವುದಿಲ್ಲ.

ಸ್ಯಾಂಟೊರಿನಿ: ಅಂಚೋ ತೀರವೋ

ಜ್ವಾಲಾಮುಖಿ ಸ್ಫೋಟದಲ್ಲಿ ನಡುಭಾಗ ಕುಸಿದು ಉಳಿದ ಬಾಗಿದ ನೆಲವೇ ಈ ದ್ವೀಪ. ಪಶ್ಚಿಮದ ಒಳಮೈ ಕಡಿದಾದ ಬಂಡೆ. ಕೆಳಗೆ ಕುಸಿದ ಜಾಗದಲ್ಲಿ ಸಮುದ್ರ ತುಂಬಿದ ಕುಳಿ, ಅದೇ ಕಾಲ್ಡೆರಾ. ಫಿರಾ, ಫಿರೊಸ್ತೆಫಾನಿ, ಇಮೆರೊವಿಗ್ಲಿ, ಇಯಾ ಊರುಗಳು ಈ ಬಂಡೆಯ ಅಂಚಿನಲ್ಲಿವೆ. ಪೂರ್ವದ ಹೊರಮೈ ನಿಧಾನವಾಗಿ ಇಳಿದು ಕಮಾರಿ, ಪೆರಿಸ್ಸಾದ ಕಪ್ಪು ಮರಳಿನ ತೀರ ಸೇರುತ್ತದೆ. ಫೋಟೊಗಳಲ್ಲಿ ಕಾಣುವ ಬಿಳಿ ಗೋಡೆ, ನೀಲಿ ನೀರಿನ ಹೋಟೆಲುಗಳೆಲ್ಲ ಅಂಚಿನವು. ಮಿಂದು ಮರಳಿನಲ್ಲಿ ಕೂರುವ ಸಮುದ್ರ ಬೇಕಿದ್ದರೆ ಹೊರಮೈಗೇ ಇಳಿಯಬೇಕು.

ಅಂಚಿನ ಹೋಟೆಲುಗಳಲ್ಲಿ ರೂಮುಗಳನ್ನು ಬಂಡೆಯೊಳಗೆ ಗುಹೆಯಂತೆ ಕೊರೆದು ಒಂದರ ಕೆಳಗೊಂದು ಜೋಡಿಸಿರುತ್ತಾರೆ. ಮೇಲಿನ ರೂಮಿನ ಅಂಗಳವೇ ಕೆಳಗಿನದರ ಚಾವಣಿ. ವಾಹನ ರಸ್ತೆಯಲ್ಲೇ ನಿಲ್ಲುತ್ತದೆ. ಸೂಟ್‌ಕೇಸನ್ನು ಹೋಟೆಲಿನ ಹುಡುಗರು ಹೊತ್ತು ತರುತ್ತಾರೆ, ನೀವು ಮಾತ್ರ ಊಟಕ್ಕೆ, ಬಸ್ಸಿಗೆ, ನೀರಿನ ಬಾಟಲಿಗೆ ಪ್ರತಿ ಸಲವೂ ಹತ್ತಿ ಇಳಿಯಬೇಕು. ಬುಕ್ ಮಾಡುವ ಮುಂಚೆ ಹೋಟೆಲಿಗೆ ನೇರವಾಗಿ ಬರೆದು ಕೇಳಿ: ರಸ್ತೆಯಿಂದ ರಿಸೆಪ್ಷನ್‌ಗೆ ಎಷ್ಟು ಮೆಟ್ಟಿಲು, ಅಲ್ಲಿಂದ ನಮ್ಮ ರೂಮಿಗೆ ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯೇ? ‘ಸ್ವಲ್ಪ ಮೆಟ್ಟಿಲುಗಳಿವೆ’ ಎಂಬ ಉತ್ತರ ಬಂದರೆ ಅಂಕಿಯನ್ನೇ ಕೇಳಿ. ಮೇಲಿನ ಸಾಲಿನ ರೂಮಿಗೆ ಮೆಟ್ಟಿಲು ಕಡಿಮೆ, ಆದರೆ ದಾರಿಹೋಕರ ಕಣ್ಣು ನೇರ ನಿಮ್ಮ ಅಂಗಳಕ್ಕೆ ಬೀಳುತ್ತದೆ. ಕೆಳಗಿನ ಸಾಲಿನಲ್ಲಿ ಏಕಾಂತ ಇದೆ, ಹತ್ತುವ ಕಷ್ಟವೂ ಇದೆ. ಮಂಡಿನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಎರಡರ ನಡುವೆ ತೂಗಾಡಬೇಡಿ. ಕಮಾರಿ ಅಥವಾ ಪೆರಿಸ್ಸಾದ ಸಮತಟ್ಟು ನೆಲದಲ್ಲಿ ಉಳಿದು, ಒಂದು ಸಂಜೆ ಟ್ಯಾಕ್ಸಿಯಲ್ಲಿ ಅಂಚಿಗೆ ಹೋಗಿ ಬನ್ನಿ. ಮಕ್ಕಳಿದ್ದವರೂ ಗಮನಿಸಿ: ಅಂಚಿನ ಎಷ್ಟೋ ಹೋಟೆಲುಗಳು ಚಿಕ್ಕ ಮಕ್ಕಳಿಗೆ ಜಾಗ ಕೊಡುವುದಿಲ್ಲ. ಎಷ್ಟು ವಯಸ್ಸಿನ ಮೇಲಿನವರಿಗೆ ಪ್ರವೇಶ ಎಂಬುದು ನಿಯಮಗಳ ಭಾಗದಲ್ಲಿರುತ್ತದೆ.

ಗುಹೆ ರೂಮು ಬಿಸಿಲಲ್ಲಿ ತಂಪಾಗಿರುತ್ತದೆ, ದಪ್ಪ ಬಂಡೆಯ ಗುಣ ಅದು. ಅದೇ ಕಾರಣಕ್ಕೆ ಗಾಳಿ ಆಡುವುದಿಲ್ಲ. ಬಾಗಿಲು, ಕಿಟಕಿ ಎರಡೂ ಮುಂಭಾಗದಲ್ಲೇ ಇದ್ದು ಬಚ್ಚಲು ಬಂಡೆಯ ಒಳತುದಿಯಲ್ಲಿದ್ದರೆ ತೇವ ನಿಂತು ಮುಗ್ಗಲು ವಾಸನೆ ಬರುತ್ತದೆ. ಚಳಿಗಾಲವಿಡೀ ಮುಚ್ಚಿಟ್ಟು ಆಗಷ್ಟೇ ತೆರೆದ ಏಪ್ರಿಲಿನಲ್ಲಿ ಇದು ಹೆಚ್ಚು. ಆಸ್ತಮಾ ಇರುವವರು ಗುಹೆ ರೂಮು ಬಿಟ್ಟು ಎರಡು ಕಡೆ ಕಿಟಕಿಯಿರುವ ಕಟ್ಟಿದ ರೂಮನ್ನೇ ಕೇಳಲಿ.

‘ಕಾಲ್ಡೆರಾ ವ್ಯೂ’ ಇದ್ದರೆ ಸೂರ್ಯಾಸ್ತವೂ ಕಾಣುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಇಯಾ ಊರು ದ್ವೀಪದ ಉತ್ತರ ತುದಿಯಲ್ಲಿದ್ದು ಅದರ ಕಾಲ್ಡೆರಾ ಮಗ್ಗುಲು ಬಹುಮಟ್ಟಿಗೆ ದಕ್ಷಿಣಕ್ಕೆ ತಿರುಗಿದೆ. ಜೂನ್, ಜುಲೈನಲ್ಲಿ ಸೂರ್ಯ ವಾಯವ್ಯಕ್ಕೆ ಮುಳುಗುವುದರಿಂದ ಅಲ್ಲಿನ ಹಲವು ದುಬಾರಿ ರೂಮುಗಳಿಗೆ ಅದು ಬೆನ್ನ ಹಿಂದೆ ಆಗಿಹೋಗುತ್ತದೆ. ಬಾಲ್ಕನಿಯಿಂದಲೇ ನೋಡಬೇಕಿದ್ದರೆ ಪಶ್ಚಿಮಕ್ಕೆ ಮುಖವಿರುವ ಇಮೆರೊವಿಗ್ಲಿ, ಫಿರೊಸ್ತೆಫಾನಿ ಮೇಲು. ಇಯಾದ ಇಕ್ಕಟ್ಟಿನ ಓಣಿಗಳಲ್ಲಿ ಸಂಜೆ ಹೊತ್ತು ಕಾಲಿಡಲಾಗದ ಜನಜಂಗುಳಿ ಬೇರೆ.

ಬಸ್ಸುಗಳೆಲ್ಲ ಫಿರಾದಿಂದ ಹೊರಡುತ್ತವೆ, ಹಾಗಾಗಿ ಕಮಾರಿಯಿಂದ ಇಯಾಕ್ಕೆ ಫಿರಾದಲ್ಲಿ ಬದಲಿಸಬೇಕು. ನಕ್ಷೆಯಲ್ಲಿ ಕಮಾರಿ, ಪೆರಿಸ್ಸಾ ಪಕ್ಕಪಕ್ಕ ಕಂಡರೂ ನಡುವೆ ಮೆಸಾ ವೂನೊ ಬೆಟ್ಟ ಅಡ್ಡ ನಿಂತಿದೆ. ರಸ್ತೆ ಸುತ್ತಿ ಹೋಗುತ್ತದೆ, ಬೇಸಿಗೆಯಲ್ಲಿ ದೋಣಿ ಸಿಗುತ್ತದೆ. ಕಮಾರಿಯ ಉತ್ತರ ತುದಿಗೆ ವಿಮಾನ ನಿಲ್ದಾಣ ಹತ್ತಿರ, ಸದ್ದು ಬೇಡವಾದರೆ ದಕ್ಷಿಣಕ್ಕೆ ಸರಿಯಿರಿ.

ಅಂಚಿನಲ್ಲಿ ಎರಡು ರಾತ್ರಿ ಸಾಕು. ಮೂರನೆಯ ರಾತ್ರಿಯ ಹಣ ಕ್ರೀಟ್‌ನಲ್ಲಿ ಹಲವು ದಿನಗಳ ಒಳ್ಳೆಯ ವಾಸವಾಗುತ್ತದೆ.

ಕ್ರೀಟ್: ಒಂದೇ ಹೋಟೆಲಿಗೆ ಅಂಟಿಕೊಳ್ಳಬೇಡಿ

ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದದ ದ್ವೀಪವಿದು. ಹೆರಾಕ್ಲಿಯೊನ್‌ನಿಂದ ಹನಿಯಾಕ್ಕೆ ಸುಮಾರು 140 ಕಿಲೋಮೀಟರ್, ಕಾರಿನಲ್ಲಿ ಎರಡರಿಂದ ಎರಡೂವರೆ ಗಂಟೆ. ಎಲ್ಲವನ್ನೂ ಒಂದೇ ಹೋಟೆಲಿನಿಂದ ನೋಡುತ್ತೇನೆಂದರೆ ರಜೆ ಕಾರಿನಲ್ಲೇ ಕಳೆಯುತ್ತದೆ. ಕ್ನೋಸೋಸ್ ಅರಮನೆ ಮತ್ತು ಮ್ಯೂಸಿಯಂಗೆ ಹೆರಾಕ್ಲಿಯೊನ್‌ನಲ್ಲಿ ಎರಡು ರಾತ್ರಿ, ಉಳಿದದ್ದು ಹನಿಯಾ ಅಥವಾ ರೆಥಿಮ್ನೊದಲ್ಲಿ. 16 ಕಿಲೋಮೀಟರ್ ನಡೆಯುವ ಸಮಾರಿಯಾ ಕಣಿವೆಗೆ ಬಸ್ಸು ಬೆಳಗಿನ ಜಾವವೇ ಹೊರಡುವುದರಿಂದ ಅದಕ್ಕೆ ಹನಿಯಾವೇ ಸರಿ. ಮಾಲಿಯಾ, ಹೆರ್ಸೊನಿಸ್ಸೊಸ್ ಕಡಿಮೆ ಬೆಲೆಗೆ ಸಿಕ್ಕರೆ ಕಾರಣ ತಿಳಿದಿರಲಿ: ಅವು ಬೆಳಗಾಗುವವರೆಗೂ ಸಂಗೀತ ಬಡಿಯುವ ಊರುಗಳು.

ಹನಿಯಾದ ಹಳೆಯ ಬಂದರಿನಲ್ಲಿ ವೆನಿಸ್ ಆಳ್ವಿಕೆಯ ಕಾಲದ ಮನೆಗಳು ಹೋಟೆಲುಗಳಾಗಿವೆ. ಅಂದವಾಗಿವೆ, ಆದರೆ ಏಣಿಯಷ್ಟು ಕಡಿದಾದ ಮರದ ಮೆಟ್ಟಿಲು, ಲಿಫ್ಟ್ ಇಲ್ಲ, ಕಾರು ಬಾಗಿಲಿಗೆ ಬರುವುದಿಲ್ಲ. ನೀರಿಗೆ ಮುಖ ಮಾಡಿದ ರೂಮಿನ ಕೆಳಗೆ ಊಟದ ಮೇಜುಗಳಿದ್ದು ಮಧ್ಯರಾತ್ರಿ ದಾಟಿದರೂ ಮಾತು ನಿಲ್ಲುವುದಿಲ್ಲ. ಎರಡು ಓಣಿ ಹಿಂದೆ, ಒಳ ಅಂಗಳಕ್ಕೆ ಕಿಟಕಿಯಿರುವ ರೂಮು ಹಿಡಿದರೆ ಹಳೆಯ ಊರೂ ಸಿಗುತ್ತದೆ, ನಿದ್ದೆಯೂ ಬರುತ್ತದೆ.

ಜಾಹೀರಾತಿನ ಮಾತು ಬಿಡಿಸುವುದು

‘ಸೀ ಫ್ರಂಟ್’ ಎಂದರೆ ಎದುರಿಗೇ ಸಮುದ್ರ. ‘ಸೈಡ್ ಸೀ ವ್ಯೂ’ ಎಂದರೆ ಬಾಲ್ಕನಿಯ ಮೂಲೆಗೆ ನಿಂತು ಕತ್ತು ತಿರುಗಿಸಿದರೆ ಕಾಣುವುದು. ‘ಬೀಚ್‌ಗೆ 300 ಮೀಟರ್’ ಎಂಬುದು ಹಕ್ಕಿ ಹಾರುವ ದೂರ ಇರಬಹುದು. ಸ್ಯಾಟಲೈಟ್ ನಕ್ಷೆ ತೆರೆದು ನಡುವೆ ಹೆದ್ದಾರಿ, ಏರು, ಬೇಲಿ ಇವೆಯೇ ನೋಡಿ. ವಿಮರ್ಶೆಗಳಲ್ಲಿ ಅಂಕ ನೋಡುವ ಬದಲು ಮೆಟ್ಟಿಲು, ಸದ್ದು, ವಾಸನೆ, ಎಸಿ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹುಡುಕಿ, ನೀವು ಹೋಗುವ ತಿಂಗಳಲ್ಲಿ ಉಳಿದವರು ಬರೆದದ್ದನ್ನೇ ಓದಿ. ‘ಡಬಲ್’ ಎಂದಲ್ಲಿ ಎರಡು ಸಿಂಗಲ್ ಮಂಚ ಕೂಡಿಸಿಟ್ಟಿರುವುದು ಮಾಮೂಲು. ಮೂರನೆಯವರಿಗೆ ಸಿಗುವುದು ಸೋಫಾ, ಹದಿನೈದು ವರ್ಷದ ಮಗನಿಗೆ ಅದು ಸಾಲುತ್ತದೆಯೇ ಎಂದು ಉದ್ದ ಕೇಳಿಕೊಳ್ಳಿ.

ವೀಸಾ ಮತ್ತು ಹಣ

ಗ್ರೀಸ್‌ಗೆ ಬೇಕಿರುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಎಲ್ಲ ರಾತ್ರಿಗಳಿಗೂ ಉಳಿಯುವ ಜಾಗದ ದಾಖಲೆ ಬೇಕು, ಆದ್ದರಿಂದ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗನ್ನೇ ಆರಿಸಿ. ಹಣ ಹಿಂತಿರುಗದ ಅಗ್ಗದ ದರ ವೀಸಾ ಕೈಗೆ ಬಂದ ಮೇಲಿನ ಮಾತು. ಬುಕಿಂಗಿನಲ್ಲಿ ಪ್ರತಿಯೊಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಇಟಲಿಯನ್ನೂ ಸೇರಿಸಿಕೊಂಡರೆ ಹೆಚ್ಚು ರಾತ್ರಿ ಎಲ್ಲಿಯೋ ಆ ದೇಶಕ್ಕೆ ಅರ್ಜಿ. ಸಮಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

ಆನ್‌ಲೈನ್ ಬೆಲೆಯಲ್ಲಿ ಸಾಮಾನ್ಯವಾಗಿ ಸೇರದ ಒಂದು ಖರ್ಚಿದೆ: ಗ್ರೀಸ್ ಸರ್ಕಾರದ ಹವಾಮಾನ ಶುಲ್ಕ. 2025ರ ದರದಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರೂಮೊಂದಕ್ಕೆ ರಾತ್ರಿಗೆ ಒಂದು ಎರಡು ಸ್ಟಾರ್‌ಗೆ 2 ಯೂರೊ, ಮೂರಕ್ಕೆ 5, ನಾಲ್ಕಕ್ಕೆ 10, ಐದಕ್ಕೆ 15. ನಾಲ್ಕು ಸ್ಟಾರ್‌ನಲ್ಲಿ ಎರಡು ರೂಮು, ಐದು ರಾತ್ರಿಯಾದರೆ 100 ಯೂರೊ ಕೌಂಟರಿನಲ್ಲೇ ಕಟ್ಟಬೇಕು. ಕಾರ್ಡ್ ಯಂತ್ರ ‘ರೂಪಾಯಿಯೋ ಯೂರೊವೋ’ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ ವಿನಿಮಯ ದರ ನಿಮ್ಮ ತಲೆಗೆ.

ಹೋದ ಮೇಲೆ

ರೂಮಿನ ಕೀಲಿ ಸಿಕ್ಕ ಕೂಡಲೇ ಸೂಟ್‌ಕೇಸ್ ಬಿಚ್ಚಬೇಡಿ. ಎಸಿ ಹಾಕಿ, ಬಿಸಿನೀರು ಬಿಟ್ಟು ನೋಡಿ, ಬಚ್ಚಲಿನ ವಾಸನೆ, ಬಾಗಿಲಿನ ಚಿಲಕ ಪರೀಕ್ಷಿಸಿ. ಹಾಸಿಗೆ ಮುಟ್ಟದ ರೂಮನ್ನು ಬದಲಿಸಿಕೊಡುವುದು ಅವರಿಗೆ ಸುಲಭ, ಅರ್ಧ ಗಂಟೆಯ ಮೇಲೆ ಅಲ್ಲ. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಿ. ಅಲ್ಲಿನ ಪೈಪುಗಳು ಸಣ್ಣವು, ಕಟ್ಟಿಕೊಳ್ಳುತ್ತವೆ. ಕೈ ಶವರ್ ಕಮೋಡಿನ ಹತ್ತಿರ ಇರುವುದಿಲ್ಲ, ಹಗುರಾದ ಪ್ಲಾಸ್ಟಿಕ್ ಚೊಂಬೊಂದು ಜೊತೆಗಿರಲಿ. ಸ್ಯಾಂಟೊರಿನಿಯಲ್ಲಿ ನಲ್ಲಿ ನೀರು ಕುಡಿಯಬೇಡಿ. ನಮ್ಮ ಸಣ್ಣ ಎರಡು ಪಿನ್ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಕೂರುತ್ತದೆ, ಮೂರು ಪಿನ್ನಿಗೆ ಅಡಾಪ್ಟರ್ ಬೇಕು. ಮಧ್ಯಾಹ್ನ ಮೂರರಿಂದ ಐದೂವರೆ ಬೇಸಿಗೆಯಲ್ಲಿ ಊರು ಮಲಗುವ ಹೊತ್ತು, ಮಕ್ಕಳ ಗದ್ದಲವನ್ನು ಪೂಲಿನಿಂದ ರೂಮಿಗೆ ಕರೆತನ್ನಿ.

ಊಟದ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಬೆಳಗಿನ ತಿಂಡಿ ಸೇರಿದ ರೂಮು ತೆಗೆದುಕೊಳ್ಳಿ, ರಾತ್ರಿಯೂಟವೂ ಸೇರಿದ ‘ಹಾಫ್ ಬೋರ್ಡ್’ ಬೇಡ. ಹೋಟೆಲಿನ ಬಫೆಯಲ್ಲಿ ಸಸ್ಯಾಹಾರಿಗೆ ಪಾಸ್ತಾ, ಸಲಾಡ್ ಬಿಟ್ಟು ಹೆಚ್ಚೇನೂ ದಕ್ಕದ ದಿನಗಳಿರುತ್ತವೆ, ಕುಡಿಯುವ ನೀರಿಗೂ ಬೇರೆ ಬಿಲ್ ಆಗಬಹುದು. ಓಣಿಯ ತವೆರ್ನಾ ಎಂಬ ಸಣ್ಣ ಊಟದ ಮನೆಯಲ್ಲಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಯ ಬ್ರಿಯಾಮ್, ದೊಡ್ಡ ಬಿಳಿ ಬೀನ್ಸ್ ಕಾಳಿನ ಗಿಗಾಂತೆಸ್, ಸ್ಯಾಂಟೊರಿನಿಯ ಫಾವಾ ಬೇಳೆ ಸಿಗುತ್ತವೆ. ಫಾವಾಕ್ಕೆ ನಿಂಬೆ ಹಿಂಡಿ, ಈರುಳ್ಳಿ ಉದುರಿಸಿ ತಿಂದರೆ ಅನ್ನವಿಲ್ಲದ ಕೊರತೆ ಕಾಣುವುದಿಲ್ಲ. ಅಕ್ಕಿ ತುಂಬಿದ ಟೊಮೆಟೊ ಗೆಮಿಸ್ತಾದಲ್ಲಿ ಕೆಲವರು ಕೊಚ್ಚಿದ ಮಾಂಸ ಹಾಕುತ್ತಾರೆ, ಕೇಳಿಯೇ ತಿನ್ನಿ. ಉಪವಾಸದ ಅಡುಗೆ ಎಂದು ‘ನಿಸ್ತಿಸಿಮೊ’ ಬರೆದಿದ್ದರೆ ಮಾಂಸ, ಹಾಲು ಇರುವುದಿಲ್ಲ, ಸಿಗಡಿ ಇರಬಹುದು.

ಕೊನೆಯ ರಾತ್ರಿ

ಗಾಳಿ ಜೋರಾದರೆ ಫೆರಿಗಳು ನಿಲ್ಲುತ್ತವೆ, ಹೈಸ್ಪೀಡ್ ದೋಣಿಗಳು ಎಲ್ಲಕ್ಕಿಂತ ಮೊದಲು. ಸ್ಯಾಂಟೊರಿನಿಯಿಂದ ಅಥೆನ್ಸ್‌ನ ಬಂದರು ಪಿರೇಯಸ್‌ಗೆ ದೊಡ್ಡ ಹಡಗು ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ದ್ವೀಪದಿಂದ ಹೊರಟ ದಿನವೇ ಭಾರತದ ವಿಮಾನ ಹತ್ತುವ ಲೆಕ್ಕ ಹಾಕಬೇಡಿ. ಕೊನೆಯ ರಾತ್ರಿ ಅಥೆನ್ಸ್‌ನಲ್ಲಿ, ಸಿಂಟಗ್ಮಾ ಚೌಕದ ಸುತ್ತಮುತ್ತ ಸಾಧಾರಣ ಹೋಟೆಲೊಂದನ್ನು ಹಿಡಿಯಿರಿ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊ ಇದೆ, ಎಕ್ಸ್95 ಬಸ್ಸು ರಾತ್ರಿಯಿಡೀ ಓಡುತ್ತದೆ.