ಅಂಗಡಿ ಲೆಕ್ಕ ಕ್ಲೌಡ್‌ಗೆ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ

ಶಿರಸಿಯ ಅಡಿಕೆ ವ್ಯಾಪಾರಿಗಳಿಂದ ಹಿಡಿದು ಗೋಕರ್ಣದ ಹೋಮ್‌ಸ್ಟೇಯವರ ತನಕ ಈಗ ಸುಮಾರು ಜನ ಲೆಕ್ಕವನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರ್‌ಗೆ, ಹಾಕುತ್ತಿದ್ದಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಸಾಫ್ಟ್‌ವೇರ್ ಮಾರಲು ಬಂದವರು ತಾವಾಗಿ ಹೇಳದ ವಿಷಯಗಳನ್ನು ದುಡ್ಡು ಕಟ್ಟುವ ಮುಂಚೆಯೇ ಕೇಳಿ.

ಮೊದಲು ಮಳೆಗಾಲ. ಮರ ಬಿದ್ದು ಕರೆಂಟ್ ಹೋಯಿತು ಅಂದರೆ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಮುಗಿಯುತ್ತದೆ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಮೂಟೆ ತಂದ ರೈತರು ಕಾಟಾದ ಹತ್ತಿರ ನಿಂತಿರುತ್ತಾರೆ, ಬಿಲ್ ಮಾತ್ರ ಬರುವುದಿಲ್ಲ. ಹಾಗಾಗಿ ಡೆಮೊ ತೋರಿಸುವಾಗಲೇ ವೈಫೈ ಆಫ್ ಮಾಡಿಸಿ ಒಂದು ಬಿಲ್ ಹಾಕಿಸಿ. ನೆಟ್ ಬಂದ ಮೇಲೆ ಅದು ತಾನಾಗಿ ಸೇರಿಕೊಂಡಿತಾ, ಎರಡೆರಡು ಸಲ ಸೇರಿತಾ ಅಂತಲೂ ನೋಡಿ.

ಬ್ಯಾಕಪ್ ವಿಷಯದಲ್ಲಂತೂ ಯಾರ ಮಾತನ್ನೂ ಸುಮ್ನೆ ನಂಬಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ (ಗ್ರಾಹಕರ ಡೇಟಾ ಇಡುವ ಕಟ್ಟಡ) ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಡೇಟಾ ವಾಪಸ್ ಸಿಗಲಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ಸಂಸ್ಥೆಯದು ಇನ್ನೊಂದು ಕಥೆ: ಗೂಗಲ್ ಕ್ಲೌಡ್‌ನಲ್ಲಿ ಆದ ಸೆಟ್ಟಿಂಗ್ ತಪ್ಪಿನಿಂದ ಅಲ್ಲಿದ್ದ ಅವರ ಖಾಸಗಿ ಕ್ಲೌಡ್ ಅಳಿಸಿಹೋಗಿತ್ತು, ಬೇರೆ ಕಡೆ ಬ್ಯಾಕಪ್ ಪ್ರತಿಗಳು ಇದ್ದದ್ದಕ್ಕೆ ಬಚಾವಾದರು. ಅಷ್ಟು ದೊಡ್ಡವರಿಗೇ ಹೀಗಾಗುತ್ತದೆ ಅಂದಮೇಲೆ ನಮ್ಮ ಲೆಕ್ಕದ ಒಂದು ಪ್ರತಿ ನಮ್ಮ ಕೈಯಲ್ಲೇ ಇರಬೇಕು, ಅಲ್ವಾ? ವಾರಕ್ಕೊಮ್ಮೆ ಎಕ್ಸೆಲ್‌ಗೆ ಇಳಿಸಿ ಹಾರ್ಡ್ ಡಿಸ್ಕ್‌ಗೆ ಹಾಕಿ, ಅಂಗಡಿಯಲ್ಲಿ ಬೇಡ, ಮನೆಯಲ್ಲಿಡಿ. ಇಳಿಸಿದ ಫೈಲ್ ತೆರೆದು ನಾಲ್ಕು ಖಾತೆಯ ಬಾಕಿ ತಾಳೆ ಹಾಕಿ. ತೆರೆಯದ ಫೈಲ್ ಇದ್ದೂ ಇಲ್ಲದ ಹಾಗೆ.

ಬಿಡುವ ದಾರಿಯನ್ನೂ ಈಗಲೇ ಕೇಳಿ. ಮುಂದೆ ದರ ಏರಿಸಿದರು, ನೀವು ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ: ಎಷ್ಟು ದಿನದಲ್ಲಿ ಡೇಟಾ ಅಳಿಸುತ್ತಾರೆ, ಪೂರ್ತಿ ಇಳಿಸಿಕೊಳ್ಳಲು ಬೇರೆ ದುಡ್ಡು ಕೇಳುತ್ತಾರಾ? ಉತ್ತರ ಇಮೇಲ್‌ನಲ್ಲೇ ಬರಲಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳುವ ಹೊಣೆ ನಿಮ್ಮದು, ಸಾಫ್ಟ್‌ವೇರ್ ಕಂಪನಿಯದಲ್ಲ.

ಇನ್ನು ಲಾಗಿನ್. ಖಾತೆ ಮಾಲೀಕರ ಇಮೇಲ್‌ನಲ್ಲೇ ಇರಲಿ, ಸೆಟಪ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಬೇಡ. ಕೆಲಸದವರಿಗೆಲ್ಲ ಒಂದೇ ಪಾಸ್‌ವರ್ಡ್ ಕೊಡಬೇಡಿ, ಒಟಿಪಿ ಹಾಕಿಡಿ, ಯಾರಾದರೂ ಕೆಲಸ ಬಿಟ್ಟರೆ ಅದೇ ಸಂಜೆ ಅವರ ಲಾಗಿನ್ ತೆಗೆಯಿರಿ.