ಎರಡು ಸ್ಲೈಡು, ಒಂದೇ ಕಾಯಿಲೆ

ಕುಷ್ಠರೋಗದ ಸ್ಲೈಡಿಗೆ ರಕ್ತ ಬೇಡ, ಚರ್ಮದೊಳಗಿನ ರಸ ಬೇಕು. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಂಡಿ ಹಿಡಿಯುತ್ತೇನೆ. ಚರ್ಮ ಬಿಳುಚಿಕೊಂಡ ಮೇಲೆ ಬ್ಲೇಡಿನಿಂದ 5 ಮಿ.ಮೀ. ಉದ್ದ, 2 ಮಿ.ಮೀ. ಆಳದ ಒಂದು ಗೀರು. ಬ್ಲೇಡನ್ನು ಅಡ್ಡ ತಿರುಗಿಸಿ ಕೆರೆದು ಸ್ಲೈಡಿಗೆ ಬಳಿಯುತ್ತೇನೆ. ಹಿಡಿತ ಸ್ವಲ್ಪ ಸಡಿಲವಾದರೂ ರಕ್ತ ನುಗ್ಗಿ ಸ್ಲೈಡ್ ಕೆಡುತ್ತದೆ.

ಒಂದೇ ವಾರದಲ್ಲಿ ಇಬ್ಬರು ಬಂದಿದ್ದರು. ಒಬ್ಬಳು ಹುಡುಗಿ. ತೋಳಲ್ಲಿ ಒಂದೇ ಮಚ್ಚೆ, ಹತ್ತಿ ತಾಗಿಸಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅವಳ ಸ್ಲೈಡಿನ 100 ಫೀಲ್ಡ್ (ಒಮ್ಮೆಗೆ ಕಾಣುವಷ್ಟು ಜಾಗ) ನೋಡಿದರೂ ಒಂದು ರೋಗಾಣು ಸಿಗಲಿಲ್ಲ. ಇನ್ನೊಬ್ಬರು ವಯಸ್ಸಾದ ರೈತರು. ಹುಬ್ಬು ಉದುರಿತ್ತು, ಕಿವಿ ದಪ್ಪಗಾಗಿತ್ತು, ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅವರ ಸ್ಲೈಡ್ ತುಂಬ ಕೆಂಪು ಕಡ್ಡಿಗಳಂಥ ರೋಗಾಣುಗಳು, ಬೀಡಿ ಕಟ್ಟುಗಳ ಹಾಗೆ ಗುಂಪು ಗುಂಪಾಗಿ.

ರೋಗಾಣು ಒಂದೇ, ಮೈ ಎದುರಿಸಿದ ರೀತಿ ಬೇರೆ. ಹುಡುಗಿಯ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತದ ಪ್ರೋಟೀನ್ ಸುರಿಸಿ, ರೋಗಾಣುವನ್ನು ನುಂಗಿದ ಕೋಶಗಳಿಗೆ ಅದನ್ನು ಕೊಲ್ಲುವ ಬಲ ಕೊಡುತ್ತವೆ. ರೈತರ ಮೈಯಲ್ಲಿ ಆ ಕೆಲಸ ನಡೆಯುವುದಿಲ್ಲ. ಪ್ರತಿಕಾಯಗಳು (ರೋಗಾಣುವಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್‌ಗಳು) ಜಾಸ್ತಿಯೇ ಇರುತ್ತವೆ, ಆದರೆ ರೋಗಾಣು ಕೋಶದೊಳಗೆ ಕೂತಿರುತ್ತದೆ, ಅಲ್ಲಿಗೆ ಅವು ತಲುಪುವುದಿಲ್ಲ. ಹಾಗಾಗಿ ಈ ಕಾಯಿಲೆಗೆ ಲಸಿಕೆ ಮಾಡುವವರು ಪ್ರತಿಕಾಯ ಅಳೆದು ಸಮಾಧಾನಪಡುವಂತಿಲ್ಲ.

ಹಾಗಾದರೆ ಟಿ ಕೋಶಗಳನ್ನು ಎಬ್ಬಿಸಿದರೆ ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಎಂಡಿಟಿ (ಕುಷ್ಠರೋಗಕ್ಕೆ ಕೊಡುವ ಹಲವು ಔಷಧಿಗಳ ಚಿಕಿತ್ಸೆ) ಶುರುವಾದ ಮೂರನೇ ತಿಂಗಳು ಆ ಹುಡುಗಿಯ ಮಚ್ಚೆ ಕೆಂಪಾಗಿ ಊದಿಕೊಂಡಿತು. ಮೊಣಕೈ ನರ ಮುಟ್ಟಿದರೆ ಚೀರುತ್ತಿದ್ದಳು. ಕಿರುಬೆರಳಲ್ಲಿ ಶಕ್ತಿಯೇ ಇರಲಿಲ್ಲ. “ಮಾತ್ರೆಯಿಂದಲೇ ಹೀಗಾಯ್ತು ಅಲ್ವಾ ಸಾರ್?” ಅಂತ ಅವಳಮ್ಮ ಅತ್ತರು. ಹೀಗಾಗಬಹುದು ಅಂತ ನಾನು ಮೊದಲೇ ಹೇಳಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಡಾಕ್ಟರು ಎಂಡಿಟಿ ನಿಲ್ಲಿಸದೆ ಊತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಕೊಟ್ಟು, ನಿಧಾನವಾಗಿ ಡೋಸ್ ಇಳಿಸಿದರು. ಬೆರಳು ಉಳಿಯಿತು. ನರಕ್ಕೆ ಏಟು ಕೊಟ್ಟಿದ್ದು ಅವಳದೇ ರೋಗನಿರೋಧಕ ಶಕ್ತಿ.

ಲಸಿಕೆಯಲ್ಲೂ ಇದೇ ಭಯ. ಕ್ಷಯಕ್ಕೆ ಹಾಕುವ ಬಿಸಿಜಿ ಲಸಿಕೆ ಕುಷ್ಠರೋಗವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಉಗಾಂಡದಲ್ಲಿ ಸುಮಾರು 80%, ಬರ್ಮಾದಲ್ಲಿ ಸುಮಾರು 20%. ತಮಿಳುನಾಡಿನ ಚೆಂಗಲ್ಪಟ್ಟು ಪ್ರಯೋಗದಲ್ಲಿ ಬಿಸಿಜಿ ಜೊತೆ ಸತ್ತ ಕುಷ್ಠ ರೋಗಾಣು ಸೇರಿಸಿ ಕೊಟ್ಟಾಗ 64% ರಕ್ಷಣೆ ಸಿಕ್ಕಿತು. ಬಾಂಗ್ಲಾದೇಶದಲ್ಲಿ ರೋಗಿಗಳ ಒಡನಾಡಿಗಳಿಗೆ ಬಿಸಿಜಿ ಹಾಕಿದಾಗ ಕೆಲವರಲ್ಲಿ 12 ವಾರದೊಳಗೇ ಮಚ್ಚೆ ಕಾಣಿಸಿತು, ಅವರಲ್ಲಿ ಹಲವರಿಗೆ ನಮ್ಮ ಹುಡುಗಿಯಂತೆಯೇ ರಿಯಾಕ್ಷನ್ ಕೂಡ ಆಯಿತು. ಒಳಗೆ ಅಡಗಿದ್ದ ಸೋಂಕನ್ನು ಲಸಿಕೆ ಕೆಣಕಿರಬಹುದು.

ಅದಕ್ಕೇ ನನಗೆ ಲೆಪ್‌ವ್ಯಾಕ್ಸ್ ಎಂಬ ಕುಷ್ಠರೋಗದ ಲಸಿಕೆಯ ಮೇಲೆ ಆಸೆ. ಇಡೀ ರೋಗಾಣು ಬಿಟ್ಟು, ಅದರ ನಾಲ್ಕು ಪ್ರೋಟೀನ್‌ಗಳನ್ನು ಜೋಡಿಸಿ ಮಾಡಿದ್ದು. ಕುಷ್ಠ ರೋಗಾಣುವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ಆಗುವುದಿಲ್ಲ, ಅದಕ್ಕೆ ಆರ್ಮಡಿಲೊದಂಥ (ಮೈಮೇಲೆ ಗಟ್ಟಿ ಕವಚವಿರುವ ಪ್ರಾಣಿ) ಜೀವಂತ ಪ್ರಾಣಿ ಬೇಕು. ಸೋಂಕು ತಗುಲಿದ ಆರ್ಮಡಿಲೊಗಳಿಗೆ ಈ ಲಸಿಕೆ ಕೊಟ್ಟಾಗ ನರದ ಹಾನಿ ತಡವಾಯಿತು. ನಾನು ಕಾಯುತ್ತಿದ್ದದ್ದು ಅದಕ್ಕೇ.

ಈಗ ಎಂಡಿಟಿ ಪ್ಯಾಕ್ ಕೈಗೆ ಕೊಡುವ ಮೊದಲು ಮನೆಯವರ ಬೆರಳನ್ನು ರೋಗಿಯ ಮೊಣಕೈ ನರದ ಮೇಲೆ ಇಡಿಸುತ್ತೇನೆ. “ಇಲ್ಲಿ ನೋವು ಬಂದರೆ ಅವತ್ತೇ ಬನ್ನಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ” ಅನ್ನುತ್ತೇನೆ.