ಮೈಕು ಕೆಳಗೆ ಇಳಿದು ಬಂದ ದಿನ

ನಾನು ನಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಈ ಕೆಲಸ ವಿಕಲಚೇತನರಿಗೇ ಕೊಡುತ್ತಾರೆ. ನನಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲು ಸೊರಗಿದೆ. ಮೊದಲೆರಡು ವರ್ಷ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಮಾಸಾಶನ, ಬಸ್ ಪಾಸ್ ಅಂತ ಬರೀ ಕಾಗದ ಹಿಡಿದು ಓಡಾಡಿದೆ. ಗ್ರಾಮಸಭೆಗೆ ಬನ್ನಿ ಅಂದರೆ ಮಾತ್ರ ಯಾರೂ ಬರುತ್ತಿರಲಿಲ್ಲ. "ಅವನಿಗೇನು ತಿಳಿಯುತ್ತೆ, ನಾನೇ ಬರ್ತೀನಿ ಬಿಡಪ್ಪ" ಅನ್ನೋ ತಾಯಂದಿರೇ ಜಾಸ್ತಿ.

ಮನೆಮನೆಗೆ ಹೋಗಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಹಕ್ಕು ಅಂತೆಲ್ಲ ಹೇಳಿ ನೋಡಿದೆ. ತಲೆ ಆಡಿಸಿ ಟೀ ಕೊಟ್ಟು ಕಳಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳತೊಡಗಿದೆ: ಮನೆಯಿಂದ ಆಚೆ ಬಂದರೆ ಮೊದಲು ಎಲ್ಲಿ ತೊಂದರೆ ಆಗುತ್ತೆ? ರೇಷನ್ ಅಂಗಡಿ ಕಟ್ಟೆ ಎತ್ತರ. ಚರಂಡಿ ಮೇಲೆ ಚಪ್ಪಡಿ ಇಲ್ಲ, ಕಣ್ಣು ಕಾಣದ ಅಜ್ಜ ಎರಡು ಸಲ ಬಿದ್ದಿದ್ದಾರೆ. ಒಂದೊಂದನ್ನೂ ಅವರವರ ಹೆಸರಲ್ಲೇ ಅರ್ಜಿ ಮಾಡಿ, ಸಹಿ ಬಾರದವರ ಹೆಬ್ಬೆಟ್ಟು ಹಾಕಿಸಿದೆ. ನನ್ನ ಭಾಷಣಕ್ಕೆ ಬರದವರು, ತಮ್ಮ ಅರ್ಜಿ ಏನಾಯ್ತು ಅಂತ ಕೇಳೋಕೆ ಗ್ರಾಮಸಭೆಗೆ ಬಂದರು.

ಹನ್ನೊಂದು ಜನ, ಎರಡು ಆಟೊ. ಹೋಗಿ ನೋಡಿದರೆ ಸಭೆ ಮೇಲಿನ ಮಹಡಿಯಲ್ಲಿ! ಜಾಗ ಮೊದಲೇ ನೋಡಿಕೊಳ್ಳದಿದ್ದದ್ದು ನನ್ನದೇ ತಪ್ಪು. "ಅರ್ಜಿ ಕೊಡಿ, ನಾವೇ ಓದ್ತೀವಿ" ಅಂದರು ಮೇಲಿನವರು. ನಾನು ಇನ್ನೇನು ಕೊಟ್ಟುಬಿಡುತ್ತಿದ್ದೆ. ಊರುಗೋಲಿನ ಟೈಲರಕ್ಕ ಬಿಡಲಿಲ್ಲ: "ನಾವಿಲ್ಲೇ ಕೂರ್ತೀವಿ. ಕಾಲು ಗಟ್ಟಿ ಇರೋರು ಇಳಿದು ಬರಲಿ." ಅರ್ಧ ಗಂಟೆ ಆದ ಮೇಲೆ ಮೈಕು ಹೊಂಗೆ ಮರದ ಕೆಳಗೆ ಬಂತು.

ಪಂಚಾಯಿತಿ ದುಡ್ಡಲ್ಲಿ ಶೇ 5 ವಿಕಲಚೇತನರಿಗೆ ಅಂತ ತೆಗೆದಿಡಬೇಕು. ಅದು ಈ ವರ್ಷ ಎಷ್ಟು, ಯಾವುದಕ್ಕೆ ಖರ್ಚಾಯ್ತು ಅಂತ ಆಕೆಯೇ ಕೇಳಿದಳು. ಸಭೆ ಗಪ್‌ಚುಪ್. ಉತ್ತರ ನಡಾವಳಿ ಪುಸ್ತಕಕ್ಕೆ ಇಳಿದು, ಅದನ್ನು ಓದಿ ಹೇಳುವ ತನಕ ನಾವು ಏಳಲಿಲ್ಲ. ಬಾಯಿಮಾತಿನ ಭರವಸೆಯನ್ನು ಆಮೇಲೆ ಯಾರಿಗೆ ತೋರಿಸೋದು, ಅಲ್ವಾ? ನಾಲ್ಕು ತಿಂಗಳಲ್ಲಿ ಚಪ್ಪಡಿ ಬಂತು. ರೇಷನ್ ಅಂಗಡಿಗೆ ಇಳಿಜಾರೂ ಬಂತು, ಆದರೆ ಎಷ್ಟು ಕಡಿದಾಗಿದೆ ಅಂದರೆ ಗಾಲಿಕುರ್ಚಿಯನ್ನು ಇಬ್ಬರು ನೂಕಬೇಕು. ಅದರ ಅರ್ಜಿ ಇನ್ನೂ ಓಡಾಡುತ್ತಿದೆ.

2023ರ ವಿಧಾನಸಭೆ ಚುನಾವಣೆಯಲ್ಲಿ ಶೇ 40ಕ್ಕಿಂತ ಕಮ್ಮಿ ಇಲ್ಲದ ವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಹಾಸಿಗೆ ಹಿಡಿದವರಿಗೆ ಅದಕ್ಕೆ ಬೇಕಾದ 12ಡಿ ಫಾರಂ ನಾನೇ ತುಂಬಿಸಿದೆ. ಓಡಾಡಬಲ್ಲವರಿಗೆ ಮಾತ್ರ ಬೂತಿಗೇ ಬನ್ನಿ ಅಂದೆ. ನಾವ್ಯಾರೂ ಸಾಲಿನಲ್ಲಿ ಕಾಣದಿದ್ದರೆ ಬೂತಿಗೆ ಇಳಿಜಾರು ಯಾಕೆ ಬೇಕು ಅಂತ ಶುರುವಾಗುತ್ತೆ. ಇದು ನನ್ನ ಹಟ, ಒಪ್ಪದವರೂ ಇದ್ದಾರೆ.

ಕಣ್ಣು ಕಾಣದ ಒಬ್ಬ ಹುಡುಗನ ವೋಟನ್ನು ಪ್ರತಿ ಸಲ ಅವನ ಅಣ್ಣನೇ ಒತ್ತುತ್ತಿದ್ದ. ಸಹಾಯಕರನ್ನು ಕರೆದೊಯ್ಯಲು ನಿಯಮದಲ್ಲಿ ಅವಕಾಶ ಇದೆ, ನಿಜ. ಆದರೆ ಹುಡುಗ ಬ್ರೈಲ್ ಕಲಿತವನು. ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿ ಇರುತ್ತೆ, ಬ್ರೈಲ್ ಮತಪತ್ರದ ಮಾದರಿ ಕೇಳಿ ಇಸ್ಕೊಂಡು ಅಭ್ಯರ್ಥಿಯ ನಂಬರು ನೋಡಿಕೊ ಅಂತ ಹೇಳಿಕೊಟ್ಟೆ. ಒಬ್ಬನೇ ಒಳಗೆ ಹೋದ. ಸ್ವಲ್ಪ ಹೊತ್ತಾಯ್ತು, ಹಿಂದಿನವರು ಗೊಣಗಿದರು.

ಹೊರಗೆ ಬಂದಾಗ ಅಣ್ಣ ಕೇಳಿದ, "ಯಾರಿಗೆ ಹಾಕಿದೆಯೋ?"

"ಹೇಳಲ್ಲ."

ಇಬ್ಬರನ್ನೂ ಆಟೊ ಹತ್ತಿಸಿ ಜೊತೆಗೇ ಹೋದೆ. ಮನೆ ತನಕ ಅಣ್ಣ ಮಾತಾಡಲಿಲ್ಲ.